110 ಕೆವಿ ಉಪಕೇಂದ್ರದ ಸಂವಹನ ಜಾಲ: ಪಿಆರ್‌ಪಿ, ಎಚ್‌ಎಸ್‌ಆರ್, ಆರ್‌ಎಸ್‌ಟಿಪಿ ಇವುಗಳಲ್ಲಿ ಯಾವುದು ಸರಿ?

ಕಾಗಿಣಾ ದಂಡೆ, ಸೇಡಂ (ಪ್ರಶ್ನೆ)

ಎಲ್ಲರಿಗೂ ಶರಣು. ಸೇಡಂ ಸುತ್ತಲಿನ ಒಂದು ಸಿಮೆಂಟ್ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹೊಸದಾಗಿ 110/11 ಕೆವಿ ಉಪಕೇಂದ್ರವೊಂದು ಬರಲಿದ್ದು, ಅದರ ಆಟೊಮೇಷನ್ ಜಾಲದ ನಕ್ಷೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. 110 ಕೆವಿ ಬದಿಯಲ್ಲಿ ಎರಡು ಲೈನ್, ಎರಡು ಟ್ರಾನ್ಸ್‌ಫಾರ್ಮರ್, ಒಂದು ಬಸ್ ಕಪ್ಲರ್ ಸೇರಿ ಐದು ಬೇಗಳಿದ್ದು (ಬೇ ಎಂದರೆ ಒಂದೊಂದು ಸರ್ಕಿಟ್ಟಿನ ವಿಭಾಗ), ಪ್ರತಿಯೊಂದಕ್ಕೂ ಒಂದು ರಕ್ಷಣಾ ರಿಲೇ, ಒಂದು ಬೇ ಕಂಟ್ರೋಲರ್ ಇರುತ್ತದೆ. ಜೊತೆಗೆ ಒಂದು ಬಸ್‌ಬಾರ್ ರಕ್ಷಣೆ. 11 ಕೆವಿ ಬದಿಯಲ್ಲಿ ಎರಡು ಇನ್‌ಕಮರ್ (ಬಸ್‌ಗೆ ವಿದ್ಯುತ್ ತರುವ ಸರ್ಕಿಟ್), ಒಂದು ಬಸ್ ಕಪ್ಲರ್, 16 ಫೀಡರ್. ಹೀಗೆ ಒಟ್ಟು 30 ಐಇಡಿಗಳು, ಅಂದರೆ ಜಾಲದ ಮೂಲಕ ಮಾತನಾಡುವ ರಿಲೇ, ಕಂಟ್ರೋಲರ್‌ನಂಥ ಉಪಕರಣಗಳು. ಎಲ್ಲವೂ ಉಪಕೇಂದ್ರ ಸಂವಹನದ ಮಾನದಂಡವಾದ ಐಇಸಿ 61850 ಪ್ರಕಾರ ಮಾತನಾಡುವಂಥವು. ಇಂಟರ್‌ಲಾಕಿಂಗ್, ಬ್ರೇಕರ್ ಫೇಲ್ಯೂರ್ (ಬ್ರೇಕರ್ ಬೀಳದಿದ್ದರೆ ಪಕ್ಕದವುಗಳನ್ನು ಬೀಳಿಸುವುದು), 11 ಕೆವಿ ಬಸ್‌ನ ರಿವರ್ಸ್ ಬ್ಲಾಕಿಂಗ್ (ಫಾಲ್ಟ್ ಫೀಡರಿನಲ್ಲಿದ್ದರೆ ಇನ್‌ಕಮರ್ ಬೀಳದಂತೆ ಫೀಡರ್ ರಿಲೇ ತಡೆಯುವುದು) ಮೂರೂ, ಐಇಡಿಗಳು ಒಂದಕ್ಕೊಂದು ನೇರವಾಗಿ ಕಳಿಸುವ ಗೂಸ್ ಎಂಬ ತ್ವರಿತ ಸಂದೇಶದ ಮೇಲೆ ನಿಂತಿವೆ.

ಮೂವರು ಗುತ್ತಿಗೆದಾರರು ಮೂರು ಬಗೆಯ ಜಾಲವನ್ನು ಸೂಚಿಸಿದ್ದಾರೆ. ಮೊದಲನೆಯವರದು ಆರು ಈಥರ್ನೆಟ್ ಸ್ವಿಚ್‌ಗಳ ಒಂದು ಉಂಗುರ, ಅದರಲ್ಲಿ ಒಂದು ದಾರಿ ಕಡಿದರೆ ಬೇರೆ ದಾರಿ ತೆರೆಯುವ ಆರ್‌ಎಸ್‌ಟಿಪಿ. ಎರಡನೆಯವರದು ಪಿಆರ್‌ಪಿ, ಅಂದರೆ ಎರಡು ಪ್ರತ್ಯೇಕ ಜಾಲಗಳು. ಸ್ವಿಚ್‌ಗಳ ಸಂಖ್ಯೆ ಇಮ್ಮಡಿ, ಖರ್ಚೂ ಎಲ್ಲಕ್ಕಿಂತ ಹೆಚ್ಚು. ಮೂರನೆಯವರು ಸ್ವಿಚ್‌ಗಳೇ ಬೇಡ, 30 ಐಇಡಿಗಳನ್ನೂ ಒಂದೇ ಎಚ್‌ಎಸ್‌ಆರ್ ಉಂಗುರಕ್ಕೆ ಪೋಣಿಸಿಬಿಡೋಣ ಎನ್ನುತ್ತಾರೆ. ನಮ್ಮ ವಿಭಾಗದ ಮುಖ್ಯಸ್ಥರ ಪ್ರಶ್ನೆ ನೇರವಾಗಿದೆ: ಹೆಚ್ಚಿಗೆ ಹಣ ಕೊಟ್ಟರೆ ನಮಗೆ ಸಿಗುವುದೇನು?

ಈ ಪ್ರಶ್ನೆ ನನಗೆ ಬರೀ ಟೆಂಡರಿನ ಪ್ರಶ್ನೆಯಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದೆಡೆ ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೇಬಲ್ ಟ್ರೆಂಚಿನಲ್ಲಿ ನೀರು ನಿಂತಿತು. ಆ ನೀರು ಒಂದು ಡಿಸಿ ಜಂಕ್ಷನ್ ಬಾಕ್ಸಿಗೆ ಇಳಿದು ಡಿಸಿಯ ಎಂಸಿಬಿ ಬಿತ್ತು. ಎರಡೂ ಸ್ವಿಚ್‌ಗಳಿಗೆ ಅದೊಂದೇ ಎಂಸಿಬಿಯಿಂದ ವಿದ್ಯುತ್ ಹೋಗುತ್ತಿತ್ತೆಂಬುದು ನಮಗೆ ಗೊತ್ತಾದದ್ದು ಆ ಹೊತ್ತಿಗೆ. ಸ್ಕಾಡಾ ಪರದೆಯ ಮೇಲೆ ಎಲ್ಲ ಬೇಗಳೂ ಬೂದು ಬಣ್ಣಕ್ಕೆ ತಿರುಗಿದವು. ಅದೇ ಟ್ರೆಂಚಿನಲ್ಲಿದ್ದ ಕ್ರಷರ್ ಫೀಡರಿನ ಕೇಬಲ್ ಜಾಯಿಂಟ್ ಸ್ವಲ್ಪ ಹೊತ್ತಿನಲ್ಲಿ ಕೈಕೊಟ್ಟಿತು. ಫೀಡರ್ ರಿಲೇ ಕಳಿಸಿದ ತಡೆ ಸಂದೇಶ ಇನ್‌ಕಮರ್‌ಗೆ ತಲುಪಲಿಲ್ಲ, ಇನ್‌ಕಮರ್ ಬಿದ್ದು ಇಡೀ 11 ಕೆವಿ ಬಸ್ ಸತ್ತಿತು, ಕಿಲ್ನ್ ನಿಂತಿತು. ಬಿಸಿ ಕಿಲ್ನ್ ಒಂದೇ ಭಂಗಿಯಲ್ಲಿ ನಿಂತರೆ ಅದರ ಶೆಲ್ ಬಾಗುತ್ತದೆ. ಡೀಸೆಲ್ ಎಂಜಿನ್ ಹಚ್ಚಿ ಅದನ್ನು ತಿರುಗಿಸುತ್ತ ನಿಂತ ಆ ರಾತ್ರಿಯನ್ನು ಮರೆಯಲಾರೆ. ಕಾಗದದ ಮೇಲೆ ಆ ಜಾಲವೂ ಜೋಡಿ ವ್ಯವಸ್ಥೆಯೇ ಆಗಿತ್ತು.

ಆದ್ದರಿಂದ ಅನುಭವಿಗಳನ್ನು ಕೇಳುತ್ತಿದ್ದೇನೆ. ಈ ಮೂರರಲ್ಲಿ ಯಾವುದನ್ನು ಆರಿಸಬೇಕು, ಆರಿಸಿದ ಮೇಲೆ ಎಲ್ಲೆಲ್ಲಿ ಎಚ್ಚರ ಬೇಕು?

ಹಳೆಯ ರಿಲೇಗಾರ, ಕಲಬುರಗಿ

ನೀವು ಬರೆದ ಘಟನೆಯಲ್ಲೇ ಅರ್ಧ ಉತ್ತರವಿದೆ. ಎತ್ತಿಗೆ ಎರಡು ಹಗ್ಗ ಕಟ್ಟಿ ಎರಡನ್ನೂ ಒಂದೇ ಗೂಟಕ್ಕೆ ಬಿಗಿದಿದ್ದರು. ಪ್ರೋಟೊಕಾಲ್ ಯಾವುದೇ ಇದ್ದಿದ್ದರೂ ಆ ದಿನ ಫಲ ಅದೇ ಆಗುತ್ತಿತ್ತು. ಹಾಗೆಂದು ಪ್ರೋಟೊಕಾಲಿನ ಆಯ್ಕೆ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ರಿಲೇ ಪರೀಕ್ಷೆಯಲ್ಲೇ ನೌಕರಿ ಮುಗಿಸಿ ನಿವೃತ್ತನಾದವನು ನಾನು. ಆಯ್ಕೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ಜಾಲವನ್ನು ಮರೆತು, ಪ್ರತಿಯೊಂದು ಸಂದೇಶ ಎಷ್ಟು ಹೊತ್ತಿನ ಮೌನವನ್ನು ತಡೆದುಕೊಳ್ಳುತ್ತದೆ ಎಂದು ಕೇಳಿಕೊಳ್ಳಿ. ಐಇಸಿ 61850-5 ಇದಕ್ಕೆ ಅಂಕಿಗಳನ್ನೇ ಕೊಟ್ಟಿದೆ. ಸ್ಕಾಡಾದಿಂದ ಐಇಡಿಗೆ ಹೋಗುವ ಮಾತುಕತೆ 800 ಮಿಲಿಸೆಕೆಂಡಿನವರೆಗೆ ತಡೆಯುತ್ತದೆ, ಹಾಗಾಗಿ ಜಾಲ 400 ಮಿಲಿಸೆಕೆಂಡಿನಲ್ಲಿ ಚೇತರಿಸಿಕೊಂಡರೆ ಸಾಕು. ಐಇಡಿಗಳ ನಡುವಿನ ಇಂಟರ್‌ಲಾಕಿಂಗ್ ಮತ್ತು ರಿವರ್ಸ್ ಬ್ಲಾಕಿಂಗ್ 12 ಮಿಲಿಸೆಕೆಂಡು ತಡೆಯುತ್ತವೆ, ಜಾಲ 4 ಮಿಲಿಸೆಕೆಂಡಿನಲ್ಲಿ ಸರಿಯಾಗಬೇಕು. ಟ್ರಿಪ್ ಸಂದೇಶಕ್ಕೆ 8 ಮತ್ತು 4. ಬಸ್‌ಬಾರ್ ರಕ್ಷಣೆ ಹಾಗೂ ಸ್ಯಾಂಪಲ್ಡ್ ವ್ಯಾಲ್ಯೂಗಳಿಗೆ (ಜಾಲದಲ್ಲಿ ಹರಿಯುವ ಕರೆಂಟ್, ವೋಲ್ಟೇಜ್‌ಗಳ ಡಿಜಿಟಲ್ ಮಾದರಿಗಳು) ಬಿಡುವೇ ಇರಕೂಡದು. ನಿಮ್ಮ ಪಟ್ಟಿಯಲ್ಲಿ ರಿವರ್ಸ್ ಬ್ಲಾಕಿಂಗ್ ಇದೆ ಎಂದ ಕೂಡಲೇ ನೀವು 4 ಮಿಲಿಸೆಕೆಂಡಿನ ಸಾಲಿಗೆ ಬಂದಿರಿ.

ಆರ್‌ಎಸ್‌ಟಿಪಿ ಉಂಗುರದಲ್ಲಿ ಒಂದು ಲಿಂಕ್ ಕಡಿದಾಗ ಸ್ವಿಚ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಮುಚ್ಚಿಟ್ಟ ದಾರಿಯನ್ನು ತೆರೆಯುತ್ತವೆ. ಒಳ್ಳೆಯ ಸ್ವಿಚ್‌ಗಳಲ್ಲಿ ಇದು ಪ್ರತಿ ಸ್ವಿಚ್‌ಗೆ ಕೆಲವೇ ಮಿಲಿಸೆಕೆಂಡಿನಂತೆ ಮುಗಿಯುತ್ತದೆ. ಆರು ಸ್ವಿಚ್‌ಗಳ ಉಂಗುರಕ್ಕೆ ಕೆಲವು ಹತ್ತು ಮಿಲಿಸೆಕೆಂಡುಗಳು. ಮೂಲ ಎಸ್‌ಟಿಪಿ 30ರಿಂದ 50 ಸೆಕೆಂಡು ತೆಗೆದುಕೊಳ್ಳುತ್ತಿದ್ದುದನ್ನು ನೆನೆದರೆ ಇದು ದೊಡ್ಡ ಸುಧಾರಣೆಯೇ. ಆದರೆ ರೂಟ್ ಸ್ವಿಚ್ಚೇ ಸತ್ತರೆ ಇನ್ನಷ್ಟು ಹೊತ್ತು ಬೇಕಾಗುತ್ತದೆ, ಮತ್ತು ಸ್ವಿಚ್‌ಗಳ ನಡುವೆ ಯಾರಾದರೂ ತಾಮ್ರದ ಗಿಗಾಬಿಟ್ ಲಿಂಕ್ ಹಾಕಿದ್ದರೆ, ಆ ಲಿಂಕ್ ಸತ್ತಿದೆಯೆಂದು ತಿಳಿಯುವುದಕ್ಕೇ ನೂರಾರು ಮಿಲಿಸೆಕೆಂಡು ಹಿಡಿಯಬಹುದು. ಉಂಗುರ ಯಾವಾಗಲೂ ಫೈಬರಿನದೇ ಇರಲಿ.

ಇಲ್ಲಿ ಗುತ್ತಿಗೆದಾರರು ಒಂದು ವಾದ ಮುಂದಿಡುತ್ತಾರೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಗೂಸ್ ಸಂದೇಶ ಒಮ್ಮೆ ಹೇಳಿ ಸುಮ್ಮನಾಗುವುದಿಲ್ಲ. ಘಟನೆ ನಡೆದ ಕೂಡಲೇ ಕೆಲವೇ ಮಿಲಿಸೆಕೆಂಡಿನ ಅಂತರದಲ್ಲಿ ಮತ್ತೆ ಮತ್ತೆ ಹೇಳುತ್ತ, ಅಂತರವನ್ನು ಹಿಗ್ಗಿಸುತ್ತ ಹೋಗುತ್ತದೆ. ಆದ್ದರಿಂದ ಜಾಲ 50 ಮಿಲಿಸೆಕೆಂಡಿನಲ್ಲಿ ಚೇತರಿಸಿಕೊಂಡರೆ ಮುಂದಿನ ಪುನರಾವರ್ತನೆ ತಲುಪಿಯೇ ತಲುಪುತ್ತದೆ, ಇನ್‌ಕಮರ್‌ನಲ್ಲಿ 100 ಮಿಲಿಸೆಕೆಂಡಿನ ಕಾಯುವಿಕೆ ಇಟ್ಟಿದ್ದರೆ ತೊಂದರೆಯಿಲ್ಲ ಎನ್ನುತ್ತಾರೆ. ಜೊತೆಗೆ, ಜಾಲ ಕೆಡುವುದೂ ಫೀಡರಿನಲ್ಲಿ ಫಾಲ್ಟ್ ಬರುವುದೂ ಒಂದೇ ಗಳಿಗೆಯಲ್ಲಿ ನಡೆಯುವುದಾದರೂ ಹೇಗೆ ಎಂದು ಕೇಳುತ್ತಾರೆ. ನಡೆಯುತ್ತದೆ. ದೊಡ್ಡ ಫಾಲ್ಟ್ ಬಂದಾಗ ಭೂಮಿಯ ವಿಭವ ಏರುತ್ತದೆ, ಸಹಾಯಕ ವಿದ್ಯುತ್ ಕುಸಿಯುತ್ತದೆ, ತಾಮ್ರದ ತಂತಿಗಳಲ್ಲಿ ಸರ್ಜ್ ಹರಿಯುತ್ತದೆ. ದುರ್ಬಲ ಸ್ವಿಚ್ಚೊಂದು ಮರುಚಾಲನೆಗೆ ಹೋಗುವುದು ಆ ಗಳಿಗೆಯಲ್ಲೇ. ಜಾಲ ಬೇಕಾಗುವ ಹೊತ್ತೂ ಜಾಲ ಕೆಡುವ ಹೊತ್ತೂ ಒಂದನ್ನೊಂದು ಹುಡುಕಿಕೊಂಡು ಬರುತ್ತವೆ ಎಂದು ಭಾವಿಸಿಯೇ ವಿನ್ಯಾಸ ಮಾಡಬೇಕು. ನಿಮ್ಮಲ್ಲಿ ಮಳೆ ಮಾಡಿದ್ದೂ ಅದನ್ನೇ.

ಇನ್ನೊಂದು ಮಾತು, ನನ್ನ ದೃಷ್ಟಿಯಲ್ಲಿ ಪಿಆರ್‌ಪಿಗಿಂತಲೂ ಮುಖ್ಯವಾದದ್ದು. ಎರಡೂ ಜಾಲಗಳು ಸತ್ತರೆ ರಿಲೇ ಏನು ಮಾಡಬೇಕೆಂದು ಈಗಲೇ ಬರೆದಿಡಿ. ಪ್ರತಿ ಗೂಸ್ ಸಂದೇಶದೊಳಗೂ ಅದು ಎಷ್ಟು ಹೊತ್ತು ನಂಬಲರ್ಹ ಎಂಬ ಅವಧಿ ಇರುತ್ತದೆ. ಆ ಅವಧಿ ಮೀರಿ ಯಾವುದೇ ಫೀಡರಿನ ಗೂಸ್ ಬಾರದೆ ಹೋದರೆ ಇನ್‌ಕಮರಿನ 100 ಮಿಲಿಸೆಕೆಂಡಿನ ತ್ವರಿತ ಅಂಶ ತಾನಾಗಿ ಹಿಂದೆ ಸರಿದು, ಫೀಡರ್‌ಗಳೊಂದಿಗೆ ಶ್ರೇಣೀಕರಿಸಿದ ಹಳೆಯ ನಿಧಾನದ ಸಮಯಕ್ಕೆ ಹೋಗಬೇಕು. ಫಾಲ್ಟ್ ಇನ್ನೊಂದಿಷ್ಟು ಹೊತ್ತು ಉಳಿಯುತ್ತದೆ ನಿಜ, ಆದರೆ ತಪ್ಪು ಬ್ರೇಕರ್ ಬೀಳುವುದಿಲ್ಲ. ನಿಮ್ಮ ಹಳೆಯ ಉಪಕೇಂದ್ರದಲ್ಲಿ ಈ ಒಂದು ತರ್ಕ ಇದ್ದಿದ್ದರೆ ಜಾಲ ಸತ್ತೂ ಕಿಲ್ನ್ ಉಳಿಯುತ್ತಿತ್ತು. ಹಾಗೆಯೇ, ರಿಲೇಯಿಂದ ಅದರದೇ ಬ್ರೇಕರಿನ ಟ್ರಿಪ್ ಕಾಯಿಲ್‌ಗೆ ಹೋಗುವ ಸಂಪರ್ಕವನ್ನು ಯಾವ ಕಾರಣಕ್ಕೂ ಜಾಲದ ಮೇಲೆ ಹಾಕಬೇಡಿ. ಅದು ತಾಮ್ರದ ತಂತಿಯಲ್ಲೇ ಇರಲಿ.

ಮಾಂಜ್ರಾ, ಬೀದರ್

ಹಿರಿಯರು ಸಮಯದ ಲೆಕ್ಕ ಕೊಟ್ಟಿದ್ದಾರೆ. ಬೀದರಿನ ಕಾಲೇಜೊಂದರಲ್ಲಿ ಈ ವಿಷಯವನ್ನು ಪಾಠ ಮಾಡುವವನಾಗಿ, ಉಳಿದೆರಡು ವಿಧಾನಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನಾನು ಬಿಡಿಸುತ್ತೇನೆ. ಮುಖ್ಯಸ್ಥರಿಗೆ ಉತ್ತರಿಸಲು ನಿಮಗೆ ಬೇಕಾಗುವುದು ಇದೇ.

ಪಿಆರ್‌ಪಿ ಮತ್ತು ಎಚ್‌ಎಸ್‌ಆರ್ ಎರಡೂ ಐಇಸಿ 62439-3ರಲ್ಲಿವೆ. ಪಿಆರ್‌ಪಿಯಲ್ಲಿ ಐಇಡಿಗೆ ಎರಡು ಪೋರ್ಟ್‌ಗಳಿದ್ದು, ಹೊರಡುವ ಪ್ರತಿಯೊಂದು ಫ್ರೇಮ್ ಏಕಕಾಲಕ್ಕೆ ಎ ಮತ್ತು ಬಿ ಎಂಬ ಎರಡು ಜಾಲಗಳಿಗೂ ಹೋಗುತ್ತದೆ. ಫ್ರೇಮಿನ ಬಾಲಕ್ಕೆ ಆರು ಬೈಟಿನ ಒಂದು ಗುರುತು ಸೇರಿಕೊಳ್ಳುತ್ತದೆ: ಕ್ರಮಸಂಖ್ಯೆ, ಯಾವ ಜಾಲದ ಪ್ರತಿ ಎಂಬ ಸೂಚನೆ, ಉದ್ದ, ಕೊನೆಗೆ ಪಿಆರ್‌ಪಿಯ ಮುದ್ರೆ. ಪಡೆಯುವ ಐಇಡಿ ಮೊದಲು ಬಂದ ಪ್ರತಿಯನ್ನು ಸ್ವೀಕರಿಸಿ, ಅದೇ ಕ್ರಮಸಂಖ್ಯೆಯ ಎರಡನೆಯದನ್ನು ಬಿಸಾಡುತ್ತದೆ. ಇದರಿಂದಾಗಿ ಒಂದು ಜಾಲ ಸತ್ತಾಗ ಚೇತರಿಕೆ ಎಂಬ ಘಟನೆಯೇ ನಡೆಯುವುದಿಲ್ಲ. ಇನ್ನೊಂದು ಪ್ರತಿ ಆಗಲೇ ದಾರಿಯಲ್ಲಿರುತ್ತದೆ. ಮುಖ್ಯಸ್ಥರು ಕೇಳಿದ ಹೆಚ್ಚಿನ ಹಣಕ್ಕೆ ಸಿಗುವುದು ಇದು. ಜಾಲದೊಳಗಿನ ಸ್ವಿಚ್‌ಗಳಿಗೆ ಪಿಆರ್‌ಪಿ ಎಂದರೇನೆಂದು ಗೊತ್ತಿರಬೇಕಾಗಿಲ್ಲ, ಸಾಮಾನ್ಯ ಸ್ವಿಚ್ಚೇ ಸಾಕು. ಆದರೆ ವಿಎಲ್ಎಎನ್ (ಒಂದೇ ಜಾಲದೊಳಗಿನ ಬೇರೆ ಬೇರೆ ಗುಂಪುಗಳನ್ನು ವಿಂಗಡಿಸುವ) ಗುರುತು ಸೇರಿದ ಗರಿಷ್ಠ ಫ್ರೇಮ್ 1522 ಬೈಟ್, ಅದರ ಮೇಲೆ ಈ ಆರು ಸೇರಿದರೆ 1528. ಅಷ್ಟು ಉದ್ದದ ಫ್ರೇಮನ್ನು ಸ್ವಿಚ್ ಬಿಸಾಡಬಾರದು. ಟೆಂಡರಿನಲ್ಲಿ ಈ ಒಂದು ಸಾಲು ಇರಲೇಬೇಕು.

ಎಚ್‌ಎಸ್‌ಆರ್‌ನಲ್ಲಿ ಐಇಡಿಗಳೇ ಸ್ವಿಚ್‌ಗಳಾಗಿ ಉಂಗುರ ಕಟ್ಟುತ್ತವೆ, ಪ್ರತಿ ಫ್ರೇಮ್ ಎಡಕ್ಕೊಂದು ಬಲಕ್ಕೊಂದು ಹೊರಡುತ್ತದೆ. ಸೊಗಸಾದ ಕಲ್ಪನೆ, ಆದರೆ 30 ಐಇಡಿಗಳಿಗೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ ಉಂಗುರದಲ್ಲಿ 1530 ಬೈಟಿನ ಒಂದು ಫ್ರೇಮ್ ತಂತಿಯ ಮೇಲೆ ಹೊರಟು ಮುಗಿಯಲು ಸುಮಾರು 122 ಮೈಕ್ರೊಸೆಕೆಂಡು ಬೇಕು. ನಿಮ್ಮ ಗೂಸ್ ಸಂದೇಶ ಒಂದು ಐಇಡಿಯನ್ನು ಹಾಯುವ ಹೊತ್ತಿಗೆ ಅದು ಅಷ್ಟುದ್ದದ ತನ್ನದೊಂದು ಫ್ರೇಮನ್ನು ಆಗ ತಾನೇ ಕಳಿಸಲು ಶುರು ಮಾಡಿದ್ದರೆ, ಗೂಸ್ ಕಾಯಬೇಕು. ಆದ್ಯತೆ ಎಷ್ಟೇ ಇದ್ದರೂ ಹೊರಟ ಫ್ರೇಮನ್ನು ನಡುವೆ ಕಡಿಯುವಂತಿಲ್ಲ. ಉಂಗುರ ಒಂದೆಡೆ ಕಡಿದಿದ್ದು ಸಂದೇಶ 28 ಐಇಡಿಗಳನ್ನು ದಾಟಬೇಕಾಗಿ ಬಂದರೆ, ಅತಿ ಕೆಟ್ಟ ಸ್ಥಿತಿಯಲ್ಲಿ 3.4 ಮಿಲಿಸೆಕೆಂಡು ಬರೀ ಕಾಯುವುದರಲ್ಲೇ ಹೋಗುತ್ತದೆ. ಜಾಲ ಸರಿಯಿರುವಾಗ ಟ್ರಿಪ್ ಸಂದೇಶ ತಲುಪಲು ಇರುವ ಒಟ್ಟು ಅವಕಾಶ 3 ಮಿಲಿಸೆಕೆಂಡು. ಎಲ್ಲ ಐಇಡಿಗಳೂ ಒಟ್ಟಿಗೆ ದೊಡ್ಡ ಫ್ರೇಮ್ ಕಳಿಸುವುದು ಅಪರೂಪ ಎಂಬುದನ್ನು ಒಪ್ಪುತ್ತೇನೆ. ಆದರೆ ಫಾಲ್ಟ್ ಬಂದ ಮರುಕ್ಷಣ ಎಲ್ಲ ರಿಲೇಗಳೂ ವರದಿ ಕಳಿಸಲು ಮುಗಿಬೀಳುತ್ತವೆ ಎಂಬುದನ್ನೂ ನೆನಪಿಡಬೇಕು.

ಮುಂದೆಂದಾದರೂ ಸ್ಯಾಂಪಲ್ಡ್ ವ್ಯಾಲ್ಯೂಗಳನ್ನು ಕಳಿಸುವ ಮರ್ಜಿಂಗ್ ಯೂನಿಟ್‌ಗಳನ್ನು ತರುವ ಯೋಚನೆಯಿದ್ದರೆ ಎಚ್‌ಎಸ್‌ಆರ್ ಇನ್ನೂ ಬೇಗ ಉಸಿರುಗಟ್ಟುತ್ತದೆ. ನಮ್ಮ 50 ಹರ್ಟ್ಸ್‌ಗೆ ಆವೃತ್ತಿಯೊಂದಕ್ಕೆ 80 ಮಾದರಿಯಂತೆ ಸೆಕೆಂಡಿಗೆ 4000 ಫ್ರೇಮ್‌ಗಳು, ಒಂದು ಹರಿವಿಗೆ ಹತ್ತಿರ ಹತ್ತಿರ 5 ಎಂಬಿಪಿಎಸ್. ಉಂಗುರದ ಪ್ರತಿ ಲಿಂಕ್ ಪ್ರತಿ ದಿಕ್ಕಿನಲ್ಲೂ ಎಲ್ಲರ ಹರಿವನ್ನೂ ಹೊರಬೇಕಾದ್ದರಿಂದ ಹನ್ನೆರಡು ಹರಿವುಗಳೆಂದರೆ 60 ಎಂಬಿಪಿಎಸ್ ಆಗಲೇ ಹೋಯಿತು. ಒಂದು ಬೇಯೊಳಗಿನ ನಾಲ್ಕೈದು ಉಪಕರಣಗಳಿಗೆ ಎಚ್‌ಎಸ್‌ಆರ್ ಚೆನ್ನ. ಬೇಕಾದರೆ ಅಂಥ ಚಿಕ್ಕ ಉಂಗುರವನ್ನು ಎರಡು ರೆಡ್‌ಬಾಕ್ಸ್‌ (ಜೋಡಿಸುವ ಪೆಟ್ಟಿಗೆ) ಗಳ ಮೂಲಕ ಪಿಆರ್‌ಪಿಯ ಎ ಮತ್ತು ಬಿ ಜಾಲಗಳಿಗೆ ಜೋಡಿಸಬಹುದು. ನಿಮಗೆ ಅದರ ಅಗತ್ಯವಿಲ್ಲ.

ಹಗ್ಗ ಮತ್ತು ಗೂಟದ ಮಾತನ್ನು ನಾನು ತರಗತಿಯಲ್ಲಿ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ಜಾಲ ವರ್ಷಕ್ಕೆ 8 ಗಂಟೆ ಕೆಟ್ಟಿರುತ್ತದೆಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಎರಡು ಜಾಲಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೆಡುವುದಾದರೆ ಎರಡೂ ಒಟ್ಟಿಗೆ ಕೆಟ್ಟಿರುವ ಅವಧಿ, 8ನ್ನು 8ರಿಂದ ಗುಣಿಸಿ ವರ್ಷದ 8760 ಗಂಟೆಗಳಿಂದ ಭಾಗಿಸಿದಷ್ಟು, ಅಂದರೆ ವರ್ಷಕ್ಕೆ ಸುಮಾರು 26 ಸೆಕೆಂಡು. ಆದರೆ ಆ 8 ಗಂಟೆಗಳಲ್ಲಿ ನೂರಕ್ಕೆ ಐದರಷ್ಟು ಪಾಲು ಎರಡಕ್ಕೂ ಸಮಾನವಾದ ಕಾರಣದಿಂದ, ಒಂದೇ ಎಂಸಿಬಿಯಿಂದಲೋ ಒಂದೇ ಟ್ರೆಂಚಿನಿಂದಲೋ ಬರುವುದಾದರೆ, ಅದೊಂದೇ 24 ನಿಮಿಷ. 26 ಸೆಕೆಂಡು ಎಲ್ಲಿ, 24 ನಿಮಿಷ ಎಲ್ಲಿ! ಎರಡನೆಯ ಜಾಲಕ್ಕೆ ಹಣ ಕೊಟ್ಟ ಮೇಲೆ ಉಳಿದ ಶ್ರಮವನ್ನೆಲ್ಲ ಆ ಐದನ್ನು ಇಳಿಸುವುದಕ್ಕೆ ಹಾಕಬೇಕು.

ಸುರಪುರದವ, ಯಾದಗಿರಿ

ನಾನು ನಿರ್ವಹಣೆಯವನು. ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ನೆಲದ ಮೇಲೆ ಕಂಡದ್ದನ್ನಷ್ಟೇ ಸೇರಿಸುತ್ತೇನೆ.

ಒಂದು ಪಿಆರ್‌ಪಿ ಉಪಕೇಂದ್ರಕ್ಕೆ ನಾನು ಕಾಲಿಟ್ಟಾಗ ಬಿ ಜಾಲದ ಒಂದು ಸ್ವಿಚ್ ಸತ್ತು ತಿಂಗಳುಗಳೇ ಕಳೆದಿದ್ದವು, ಯಾರಿಗೂ ತಿಳಿದಿರಲಿಲ್ಲ. ಪಿಆರ್‌ಪಿಯ ಗುಣವೇ ಅದರ ಅಪಾಯವೂ ಹೌದು: ಒಂದು ಜಾಲ ಹೋದರೆ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಹಾಗೆ ಮಾಂಜ್ರಾ ಸರ್ ಹೇಳಿದ 26 ಸೆಕೆಂಡು ನಮಗೇ ಗೊತ್ತಿಲ್ಲದಂತೆ ಮತ್ತೆ 8 ಗಂಟೆಗೆ ಹೋಗಿ ಕೂರುತ್ತದೆ. ಪಿಆರ್‌ಪಿ ಉಪಕರಣಗಳು ಎರಡು ಸೆಕೆಂಡಿಗೊಮ್ಮೆ ಎರಡೂ ಜಾಲಗಳಲ್ಲಿ ಇರವಿನ ಸಂದೇಶ ಕಳಿಸುತ್ತಿರುತ್ತವೆ, ಐಇಸಿ 61850ರ ಎರಡನೆಯ ಆವೃತ್ತಿಯಲ್ಲಿ ಎಲ್‌ಸಿಸಿಎಚ್ ಎಂಬ ಲಾಜಿಕಲ್ ನೋಡ್ ಎರಡೂ ದಾರಿಗಳ ಸ್ಥಿತಿಯನ್ನು ಬೇರೆ ಬೇರೆಯಾಗಿ ಹೇಳುತ್ತದೆ, ಎಲ್‌ಜಿಒಎಸ್ ಎಂಬುದು ಗೂಸ್ ಬರುತ್ತಿದೆಯೇ ಎಂದು ತಿಳಿಸುತ್ತದೆ. ಈ ಮಾಹಿತಿ ರಿಲೇಯೊಳಗೆ ಇದ್ದೇ ಇರುತ್ತದೆ, ಅದನ್ನು ಸ್ಕಾಡಾ ಅಲಾರಂ ಪಟ್ಟಿಗೆ ಎಳೆದು ತರುವ ಕೆಲಸವನ್ನೇ ಬಹಳ ಸಲ ಯಾರೂ ಮಾಡಿರುವುದಿಲ್ಲ. 30 ಐಇಡಿಗಳ ಎ ಮತ್ತು ಬಿ ಎರಡರ ಸ್ಥಿತಿಯೂ ಒಂದೇ ಪರದೆಯ ಮೇಲೆ ಕಾಣುವಂತೆ ಕೇಳಿ, ಮತ್ತು ಅದನ್ನು ಟೆಂಡರಿನಲ್ಲೇ ಬರೆಯಿರಿ, ಆಮೇಲೆ ಕೇಳಿದರೆ ಹೆಚ್ಚುವರಿ ಬಿಲ್ ಬರುತ್ತದೆ.

ಎರಡನೆಯದು, ಎ ಮತ್ತು ಬಿ ಜಾಲಗಳನ್ನು ಯಾರೋ ಒಂದು ಪ್ಯಾಚ್ ಕಾರ್ಡ್‌ನಿಂದ ಜೋಡಿಸಿಬಿಡುವುದು. ಖಾಲಿ ಪೋರ್ಟ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಐಇಡಿಯ ಎರಡೂ ಪೋರ್ಟ್‌ಗಳಿಗೆ ಒಂದೇ ಮ್ಯಾಕ್ ವಿಳಾಸ ಇರುವುದರಿಂದ, ಜಾಲಗಳು ಕೂಡಿಕೊಂಡ ಕೂಡಲೇ ಸ್ವಿಚ್‌ಗಳಿಗೆ ಆ ವಿಳಾಸ ಯಾವ ದಿಕ್ಕಿನಲ್ಲಿದೆ ಎಂಬ ಗೊಂದಲ ಶುರುವಾಗುತ್ತದೆ. ಪಿಆರ್‌ಪಿ ಉಪಕರಣಗಳಲ್ಲಿ ತಪ್ಪು ಜಾಲದಿಂದ ಬಂದ ಫ್ರೇಮ್‌ಗಳನ್ನು ಎಣಿಸುವ ಕೌಂಟರ್ ಇರುತ್ತದೆ. ಅದು ಸೊನ್ನೆಯಿಂದ ಮೇಲೇರಿದರೆ ಎಲ್ಲೋ ಎ ಮತ್ತು ಬಿ ಅದಲುಬದಲಾಗಿವೆ ಅಥವಾ ಕೂಡಿಕೊಂಡಿವೆ ಎಂದೇ ಅರ್ಥ. ಎ ಜಾಲದ ಪ್ಯಾಚ್ ಕಾರ್ಡ್‌ಗೆ ಒಂದು ಬಣ್ಣ, ಬಿಗೆ ಇನ್ನೊಂದು, ಎರಡರ ಸ್ವಿಚ್‌ಗಳೂ ಬೇರೆ ಬೇರೆ ಪ್ಯಾನೆಲ್‌ಗಳಲ್ಲಿ, ಖಾಲಿ ಪೋರ್ಟ್‌ಗಳೆಲ್ಲ ಕಾನ್ಫಿಗರೇಷನ್‌ನಲ್ಲೇ ಬಂದ್.

ನಮ್ಮ ಭಾಗದ ನೆಲ ಮತ್ತು ಬಿಸಿಲಿನ ಬಗ್ಗೆ ಹೊರಗಿನ ಗುತ್ತಿಗೆದಾರರಿಗೆ ತಿಳಿಹೇಳಬೇಕಾಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಮಳೆಗೆ ಉಬ್ಬುವಾಗ ಹೂತ ಪೈಪನ್ನು ಜಗ್ಗಿ ಜಾಯಿಂಟ್ ಬಾಯಿಬಿಡಿಸುತ್ತದೆ, ಒಳಗೆ ನೀರೂ ಇಲಿಯೂ ಸೇರುತ್ತವೆ. ಯಾರ್ಡಿನಲ್ಲಿ ಲೋಹರಹಿತ, ಗಾಜಿನ ನೂಲಿನ ಕವಚವಿರುವ ಫೈಬರ್ ಹಾಕಿಸಿ; ಇಲಿಯ ಹಲ್ಲಿಗೂ ತಡೆ, ಭೂಮಿಯ ವಿಭವ ಏರಿದಾಗ ಕವಚದ ಮೂಲಕ ಒಳಗೆ ಬರುವ ಭಯವೂ ಇಲ್ಲ. ಎ ಜಾಲದ ಫೈಬರ್ ಒಂದು ಟ್ರೆಂಚಿನಲ್ಲಿ, ಬಿ ಜಾಲದ್ದು ಇನ್ನೊಂದರಲ್ಲಿ ಹೋಗಲಿ. ಎರಡನೆಯ ಟ್ರೆಂಚ್ ಇಲ್ಲದಿದ್ದರೆ ಗೋಡೆಯ ಮೇಲಿನ ಟ್ರೇ ಆದರೂ ಸರಿ. ಟ್ರೆಂಚಿನ ಮೇಲೆ ಶಹಾಬಾದ್ ಫರಸಿ ಹೊದಿಸುವ ರೂಢಿಯಿದ್ದರೆ ಅದರ ಸಂದುಗಳಿಂದ ಮಳೆನೀರು ಇಳಿದೇ ಇಳಿಯುತ್ತದೆ, ಆದ್ದರಿಂದ ಜಂಕ್ಷನ್ ಬಾಕ್ಸ್ ಯಾವುದನ್ನೂ ಟ್ರೆಂಚಿನ ತಳದಲ್ಲಿ ಇಡಗೊಡಬೇಡಿ. ಸ್ವಿಚ್‌ಗಳು ಐಇಸಿ 61850-3 ಪ್ರಮಾಣೀಕೃತ, ಫ್ಯಾನ್ ಇಲ್ಲದವೇ ಇರಲಿ. ಸಿಮೆಂಟ್ ಧೂಳಿನಲ್ಲಿ ಫ್ಯಾನ್ ಹೆಚ್ಚು ದಿನ ಬಾಳುವುದಿಲ್ಲ, ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಎಸಿ ಕೆಟ್ಟ ಪ್ಯಾನೆಲ್ ಕೋಣೆಯೊಳಗೆ ಏನಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಫೈಬರ್ ಕನೆಕ್ಟರ್ ಬಿಚ್ಚಿದಾಗಲೆಲ್ಲ ಮುಚ್ಚಳ ಹಾಕುವುದು, ಮತ್ತೆ ಹಾಕುವ ಮುನ್ನ ಒರೆಸುವುದು ರೂಢಿಯಾಗಬೇಕು. ನಾವು ಕೆಟ್ಟಿದೆಯೆಂದು ಬದಲಿಸಿದ ಎಸ್‌ಎಫ್‌ಪಿಗಳಲ್ಲಿ (ಸ್ವಿಚ್‌ಗೆ ಫೈಬರ್ ಸೇರಿಸುವ ಮಾಡ್ಯೂಲ್) ಹಲವು ಬರೀ ಧೂಳು ಕೂತವು.

ಡಿಸಿಯ ವಿಚಾರದಲ್ಲಿ ನಿಮಗೆ ಹೇಳುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ. ಎ ಜಾಲಕ್ಕೆ ಒಂದನೆಯ ಬ್ಯಾಟರಿ, ಬಿ ಜಾಲಕ್ಕೆ ಎರಡನೆಯದು. ಬ್ಯಾಟರಿ ಒಂದೇ ಇದ್ದರೂ ಡಿಸ್ಟ್ರಿಬ್ಯೂಷನ್ ಬೋರ್ಡ್ ಬೇರೆ, ಎಂಸಿಬಿ ಬೇರೆ, ತಂತಿಯ ದಾರಿ ಬೇರೆ. ಎರಡು ಪವರ್ ಸಪ್ಲೈ ಇರುವ ಸ್ವಿಚ್ ಕೊಂಡು, ಎರಡನ್ನೂ ಒಂದೇ ಟರ್ಮಿನಲ್‌ಗೆ ಜಂಪರ್ ಮಾಡಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಸಾಫ್ಟ್‌ವೇರ್ ಹೊಸ ಆವೃತ್ತಿಯನ್ನೂ ಎರಡೂ ಜಾಲಗಳಿಗೆ ಒಂದೇ ದಿನ ಹಾಕಬೇಡಿ. ಎಗೆ ಹಾಕಿ ಕೆಲವು ವಾರ ನೋಡಿ, ಆಮೇಲೆ ಬಿಗೆ.

ಕಾಗಿಣಾ ದಂಡೆ, ಸೇಡಂ

ಮೂವರಿಗೂ ಮನಸಾರೆ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಹಿಡಿದು ಮುಖ್ಯಸ್ಥರೊಂದಿಗೆ ಕುಳಿತೆ. 26 ಸೆಕೆಂಡು ಮತ್ತು 24 ನಿಮಿಷದ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದಾಗ ಅವರು ಎರಡನೆಯ ಟ್ರೆಂಚಿಗೂ ಒಪ್ಪಿದರು, ಅದು ನಾನು ನಿರೀಕ್ಷಿಸಿರಲಿಲ್ಲ. 30 ಐಇಡಿಗಳಿಗೂ ಪಿಆರ್‌ಪಿ ಎಂದು ನಿರ್ಧಾರವಾಗಿದೆ. ಹಳೆಯ ಮೀಟರ್‌ಗಳು ಮತ್ತು ಪ್ರಿಂಟರ್ ಒಂದೇ ಪೋರ್ಟಿನವಾದ್ದರಿಂದ ಅವು ಎ ಜಾಲದಲ್ಲಷ್ಟೇ ಇರುತ್ತವೆ. ಅವು ಹೋದರೆ ಕಾರ್ಖಾನೆ ನಿಲ್ಲುವುದಿಲ್ಲ. ಸ್ಕಾಡಾ ಸರ್ವರ್‌ಗಳೆರಡಕ್ಕೂ ಪಿಆರ್‌ಪಿ ಕಾರ್ಡ್ ಕೇಳಿದ್ದೇವೆ. ಗೂಸ್ ಬಾರದಿದ್ದರೆ ನಿಧಾನದ ಸಮಯಕ್ಕೆ ಸರಿಯುವ ತರ್ಕವನ್ನು ರಿಲೇ ಸೆಟ್ಟಿಂಗ್ ದಾಖಲೆಯಲ್ಲಿ ಸೇರಿಸಿಯಾಯಿತು.

ಎರಡು ವಿಷಯ ಉಳಿದಿವೆ. ಜಿಪಿಎಸ್ ಗಡಿಯಾರದಿಂದ ಸಮಯವನ್ನು ಪಿಟಿಪಿ ಮೂಲಕ ಇದೇ ಜಾಲದಲ್ಲಿ ಹಂಚಬೇಕೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಎರಡು ಜಾಲಗಳಲ್ಲಿ ಎರಡು ಪ್ರತಿ ಬಂದರೆ ಸಮಯ ತಪ್ಪುವುದಿಲ್ಲವೇ? ಇನ್ನೊಂದು, ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಮಾಹಿತಿ ಕಳಿಸುವ ಗೇಟ್‌ವೇಗೂ ಪಿಆರ್‌ಪಿ ಅನ್ವಯಿಸುತ್ತದೆಯೇ?

ಮಾಂಜ್ರಾ, ಬೀದರ್

ಸಮಯದ ಪ್ರಶ್ನೆ ಸರಿಯಾಗಿದೆ. ಎ ದಾರಿಯಲ್ಲಿ ಆಗುವ ತಡ ಬೇರೆ, ಬಿ ದಾರಿಯಲ್ಲಿ ಆಗುವ ತಡ ಬೇರೆ. ಆದ್ದರಿಂದ ಪಿಟಿಪಿ ಸಂದೇಶಗಳನ್ನು ಉಳಿದ ಫ್ರೇಮ್‌ಗಳಂತೆ ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆಯುವ ಕ್ರಮಕ್ಕೆ ಒಳಪಡಿಸಬಾರದು. ಐಇಡಿ ಎರಡೂ ದಾರಿಗಳನ್ನು ಎರಡು ಬೇರೆ ಗಡಿಯಾರಗಳೆಂಬಂತೆ ಅಳೆದು, ಒಂದನ್ನು ಅನುಸರಿಸಿ ಇನ್ನೊಂದನ್ನು ಸಿದ್ಧವಾಗಿ ಇಟ್ಟುಕೊಳ್ಳುತ್ತದೆ. ಐಇಸಿ 62439-3ರ ಅನುಬಂಧದಲ್ಲಿ ಇದರ ವಿಧಾನವಿದೆ, ಐಇಡಿ ಮತ್ತು ಸ್ವಿಚ್ ಎರಡೂ 2016ರಲ್ಲಿ ಬಂದ 61850-9-3 ಪ್ರೊಫೈಲನ್ನು ಬೆಂಬಲಿಸಬೇಕು. ಈ ಬೆಂಬಲ ಇಲ್ಲದ ಒಂದೇ ಒಂದು ಸ್ವಿಚ್ ದಾರಿಯಲ್ಲಿದ್ದರೂ ಒಂದು ಮೈಕ್ರೊಸೆಕೆಂಡಿನ ನಿಖರತೆ ಕೈತಪ್ಪುತ್ತದೆ.

ಆದರೆ ನಿಮಗೆ ಆ ನಿಖರತೆ ಬೇಕೇ? ಸ್ಯಾಂಪಲ್ಡ್ ವ್ಯಾಲ್ಯೂ ಇಲ್ಲದ ಉಪಕೇಂದ್ರದಲ್ಲಿ ಘಟನೆಗಳ ಸರಣಿಗೆ ಒಂದು ಮಿಲಿಸೆಕೆಂಡು ಸಾಕು, ಅದನ್ನು ಎಸ್‌ಎನ್‌ಟಿಪಿ ಎಂಬ ಸರಳ ಸಮಯ ಪ್ರೋಟೊಕಾಲ್ ಒಳ್ಳೆಯ ಜಾಲದಲ್ಲಿ ಕೊಡುತ್ತದೆ. ಈಗ ಎಸ್‌ಎನ್‌ಟಿಪಿಯಿಂದ ನಡೆಸಿ, ಸ್ವಿಚ್‌ಗಳನ್ನು ಮಾತ್ರ ಪಿಟಿಪಿ ಬೆಂಬಲ ಇರುವಂಥವನ್ನು ಕೊಳ್ಳಿ; ಮುಂದೆ ಮರ್ಜಿಂಗ್ ಯೂನಿಟ್ ಬಂದಾಗ ಜಾಲವನ್ನು ಕಿತ್ತುಹಾಕಬೇಕಾಗುವುದಿಲ್ಲ. ಗಡಿಯಾರಗಳು ಎರಡಿರಲಿ, ಅವುಗಳ ಆಂಟೆನಾಗಳು ಒಂದೇ ಕಂಬದ ಮೇಲೆ ಬೇಡ. ಇಲ್ಲಿನ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.

ಗೇಟ್‌ವೇಯ ಮಾತು ಬೇರೆ. ಗೇಟ್‌ವೇ ಬಳಸುವ ಐಇಸಿ 60870-5-104 ಪ್ರೋಟೊಕಾಲ್ ಟಿಸಿಪಿಯ ಮೇಲೆ ಓಡುತ್ತದೆ, ಕೆಲವು ಸೆಕೆಂಡಿನ ತಡವನ್ನು ಸಹಿಸುತ್ತದೆ. ಅಲ್ಲಿ ಪಿಆರ್‌ಪಿ ಬೇಡ, ಎರಡು ಗೇಟ್‌ವೇ ಮತ್ತು ಎರಡು ದಾರಿ ಸಾಕು. ಒಂದು ದಾರಿ 110 ಕೆವಿ ಲೈನಿನ ಭೂತಂತಿಯೊಳಗಿನ ಫೈಬರ್ ಆಗುವಂತಿದ್ದರೆ ಬಹಳ ಒಳ್ಳೆಯದು. ಎರಡು ಬೇರೆ ಕಂಪನಿಗಳಿಂದ ಲಿಂಕ್ ಪಡೆದ ಮಾತ್ರಕ್ಕೆ ನೆಮ್ಮದಿಪಡಬೇಡಿ. ಎರಡರ ಫೈಬರೂ ರಸ್ತೆಬದಿಯ ಒಂದೇ ಅಗೆತದಲ್ಲಿ ಮಲಗಿದ್ದರೆ ಒಂದು ಜೆಸಿಬಿ ಸಾಕು.

ಹಳೆಯ ರಿಲೇಗಾರ, ಕಲಬುರಗಿ

ಚಾರ್ಜ್ ಮಾಡುವ ಮುನ್ನ ಮಾಡಲೇಬೇಕಾದ ಪರೀಕ್ಷೆಗಳನ್ನು ಬರೆದು ಮುಗಿಸುತ್ತೇನೆ. ಗುತ್ತಿಗೆದಾರರು ಪಿಂಗ್ ಹೋಗುತ್ತಿದೆ ಎಂದು ತೋರಿಸಿ ಸಹಿ ಕೇಳುತ್ತಾರೆ. ಅಷ್ಟಕ್ಕೆ ಸಹಿ ಹಾಕಬೇಡಿ. ರಿಲೇ ಟೆಸ್ಟ್ ಕಿಟ್‌ನಿಂದ ಒಂದು ಫೀಡರಿಗೆ ಫಾಲ್ಟ್ ಕರೆಂಟ್ ಕೊಟ್ಟು, ಇನ್‌ಕಮರ್ ತಡೆಯಲ್ಪಡುವುದನ್ನು ನೋಡಿ. ಆಮೇಲೆ ಎ ಜಾಲದ ಡಿಸಿ ತೆಗೆದು ಅದೇ ಪರೀಕ್ಷೆ, ಎ ಹಾಕಿ ಬಿ ತೆಗೆದು ಅದೇ ಪರೀಕ್ಷೆ. ಪ್ರತಿ ಸಲವೂ ಗೂಸ್ ತಲುಪಿದ ಸಮಯವನ್ನು ಬರೆದುಕೊಳ್ಳಿ, ಸ್ಕಾಡಾದಲ್ಲಿ ಸರಿಯಾದ ಅಲಾರಂ ಬಂತೇ ಎಂದೂ ನೋಡಿ. ಒಂದು ಜಾಲದ ಡಿಸಿ ತೆಗೆದಾಗ ಮಾತ್ರ ಗೂಸ್ ನಿಂತರೆ, ಉಳಿದ ಜಾಲದ ಯಾವುದೋ ಸ್ವಿಚ್ಚಿನಲ್ಲಿ ಆ ಗೂಸ್‌ನ ವಿಎಲ್ಎಎನ್ ಅನುಮತಿ ಬಿಟ್ಟುಹೋಗಿದೆ ಎಂದು ತಿಳಿಯಿರಿ. ಎರಡೂ ಜಾಲಗಳಿರುವಾಗ ಈ ತಪ್ಪು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಎರಡೂ ಜಾಲಗಳ ಡಿಸಿ ತೆಗೆದು, ಫೀಡರಿಗೆ ಮತ್ತೆ ಫಾಲ್ಟ್ ಕೊಟ್ಟು, ಇನ್‌ಕಮರ್ ನಿಧಾನದ ಸಮಯಕ್ಕೆ ಸರಿದು ಫೀಡರ್ ಬ್ರೇಕರೇ ಮೊದಲು ಬೀಳುವುದನ್ನು ಕಣ್ಣಾರೆ ನೋಡಿ. ಇದಕ್ಕೆ ಅರ್ಧ ದಿನ ಬೇಕು, ಕಾರ್ಯಕ್ರಮ ಪಟ್ಟಿಯಲ್ಲಿ ಈಗಲೇ ಆ ಅರ್ಧ ದಿನವನ್ನು ಬರೆಸಿ. ಸಾಧ್ಯವಾದರೆ ಮುಂಗಾರಿಗೆ ಮುಂಚೆ ಪ್ರತಿವರ್ಷ ಎ ಮತ್ತು ಬಿ ಜಾಲಗಳನ್ನು ಒಂದೊಂದಾಗಿ ತೆಗೆಯುವ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಿ. ಸೇಡಂ ದೂರವೇನಲ್ಲ, ಮೊದಲ ಸಲದ ಪರೀಕ್ಷೆಯ ದಿನ ತಿಳಿಸಿದರೆ ನಾನೂ ಬಂದು ಜೊತೆಗೆ ನಿಲ್ಲುತ್ತೇನೆ.